ಹಿಂಬದಿ ಮುಚ್ಚಳ ತೆಗೆಸದೆ ದುಡ್ಡು ಕೊಡಬೇಡಿ

ಪ್ರಶ್ನೆ: ರೋಲೆಕ್ಸ್ ಸಬ್‌ಮರೀನರ್ ವಾಚಿಗಾಗಿ ಅಧಿಕೃತ ಮಳಿಗೆಯಲ್ಲಿ ಹೆಸರು ಬರೆಸಿ ಕಾದು ಸಾಕಾಗಿದೆ. ಬೆಂಗಳೂರಿನ ಖಾಸಗಿ ಡೀಲರೊಬ್ಬರು 2016ರ 116610ಎಲ್‌ಎನ್ ಮಾಡೆಲನ್ನು ಬಾಕ್ಸ್, ವಾರಂಟಿ ಕಾರ್ಡ್ ಸಮೇತ ಕೊಡುತ್ತೇನೆ ಎನ್ನುತ್ತಿದ್ದಾರೆ. ಸೆಕೆಂಡಿನ ಮುಳ್ಳು ನುಣ್ಣಗೆ ಜಾರುತ್ತದೆ, ಸೀರಿಯಲ್ ನಂಬರ್ ಕಾರ್ಡಿಗೆ ತಾಳೆಯಾಗುತ್ತದೆ. ಇಷ್ಟು ಸಾಕೇ?
– ಓದುಗರು, ಹುಬ್ಬಳ್ಳಿ

ಉತ್ತರ: ಸಾಲದು. ಈ ವಾಚಿನ ಯಂತ್ರದ್ದು ಸೆಕೆಂಡಿಗೆ 8 ಮಿಡಿತ, ಅಂದರೆ ಗಂಟೆಗೆ 28,800. ಮುಳ್ಳು ಜಾರಿದಂತೆ ಕಾಣುವುದು ಅದರಿಂದ, ಮತ್ತು ಆ ವೇಗದ ಯಂತ್ರ ಅಗ್ಗದ ನಕಲಿಯಲ್ಲೂ ಇರುತ್ತದೆ. ಯಾವುದೋ ಅಸಲಿ ವಾಚಿನ ನಂಬರನ್ನು ನಕಲಿ ಕೇಸಿಗೂ ಕಾರ್ಡಿಗೂ ಹಾಕುವುದು ಕಷ್ಟವೇನಲ್ಲ.

ಆದರೂ ಹೊರಗಿನಿಂದಲೇ ಶುರು ಮಾಡಿ, ಅಲ್ಲೇ ಸಿಕ್ಕಿಬಿದ್ದರೆ ಮುಂದಿನ ಖರ್ಚು ಉಳಿಯುತ್ತದೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ (ಭೂತಗನ್ನಡಿ) ಹಿಡಿದು ಡಯಲ್ ಸುತ್ತಲಿನ ಒಳ ಉಂಗುರ ನೋಡಿ: 12ರ ಬಳಿ ರೋಲೆಕ್ಸ್ ಗುರುತಾದ ಕಿರೀಟ, 6ರ ಬಳಿ ಸೀರಿಯಲ್ ನಂಬರ್, ಎರಡೂ ನೇರವಾಗಿ, ಚೊಕ್ಕವಾಗಿ ಕೂತಿರಬೇಕು. ಗಾಜಿನಲ್ಲೂ 6ರ ಬಳಿ ಲೇಸರ್ ಚುಕ್ಕಿಗಳ ಪುಟ್ಟ ಕಿರೀಟವಿದೆ. ಬೆಳಕಿಗೆ ಓರೆ ಹಿಡಿದು ಹುಡುಕಿದರಷ್ಟೇ ಕಾಣುವಂಥದ್ದು. ಬರಿಗಣ್ಣಿಗೆ ಎದ್ದು ಕಂಡರೆ ಅನುಮಾನಿಸಿ. ಆಮೇಲೆ ಕ್ರೌನ್ (ಕೀ ಕೊಡುವ ಗುಂಡಿ) ತಿರುಪು ಬಿಚ್ಚಿ, ಎಳೆದು, ಮುಳ್ಳುಗಳನ್ನು ಮುಂದಕ್ಕೆ ತಿರುಗಿಸಿ. ಮಧ್ಯರಾತ್ರಿ ಬಂದಾಗ ತಾರೀಖು ಒಂದೇ ನೆಗೆತಕ್ಕೆ ಥಟ್ಟನೆ ಬದಲಾಗಬೇಕು. ನಿಧಾನಕ್ಕೆ ತೆವಳಿದರೆ ಒಳಗಿರುವುದು ಈ ಮಾಡೆಲಿನ 3135 ಯಂತ್ರವಲ್ಲ, ಇಲ್ಲವೇ ಅದು ಕೆಟ್ಟಿದೆ.

ನಿಜವಾದ ಪರೀಕ್ಷೆ ಮುಚ್ಚಳದ ಹಿಂದಿದೆ. ಡೀಲರ್ ತೋರಿಸಿದವರ ಬಳಿ ಬೇಡ, ನೀವೇ ಆರಿಸಿದ, 3135 ಬಿಚ್ಚಿ ಅನುಭವವಿರುವ ವಾಚ್ ರಿಪೇರಿಯವರಲ್ಲಿ ತೆಗೆಸಿ. ನೀಲಿ ಹೇರ್‌ಸ್ಪ್ರಿಂಗ್ (ತೆಳು ಸುರುಳಿ ಸ್ಪ್ರಿಂಗ್), ಬ್ಯಾಲೆನ್ಸ್ ಚಕ್ರವನ್ನು, ಅಂದರೆ ಹಿಂದೆ ಮುಂದೆ ಆಡುತ್ತ ಮಿಡಿಯುವ ಚಕ್ರವನ್ನು, ಹಿಡಿದಿಡುವ ಎರಡೂ ಬದಿ ಆಧಾರದ ಸೇತುವೆ, ಆ ಚಕ್ರದ ಒಳ ಅಂಚಿನಲ್ಲಿ ಬಂಗಾರ ಬಣ್ಣದ ಪುಟ್ಟ ನಟ್‌ಗಳು ಇರಬೇಕು. ವೇಗ ಹೊಂದಿಸುವುದು ಆ ನಟ್‌ಗಳಿಂದಲೇ. ಪಕ್ಕದಲ್ಲಿ ಹೊಂದಾಣಿಕೆಯ ಕಡ್ಡಿಯೂ ಇದ್ದರೆ ನಟ್‌ಗಳು ಬರೀ ಅಲಂಕಾರ, ಯಂತ್ರ ನಕಲಿ. ಒಳ್ಳೆಯ ನಕಲುಗಳು ಇದೆಲ್ಲವನ್ನೂ ಅನುಕರಿಸುತ್ತವೆ, ಅದಕ್ಕೇ ಪಳಗಿದ ಕಣ್ಣು ಬೇಕು. ಮಿಡಿತ ಅಳೆಯುವ ಟೈಮ್‌ಗ್ರಾಫರ್ ಉಪಕರಣ ವಾಚಿನ ಯಂತ್ರದ ಆರೋಗ್ಯ ಹೇಳುತ್ತದೆ, ಅಸಲಿತನವನ್ನಲ್ಲ. ಮುಚ್ಚಳ ತೆಗೆದ ಮೇಲೆ ಗ್ಯಾಸ್ಕೆಟ್ (ನೀರು ತಡೆಯುವ ಉಂಗುರ) ಬದಲಿಸಿ ನೀರಿನ ಒತ್ತಡ ಪರೀಕ್ಷೆ ಮಾಡಿಸಲೇಬೇಕು. ಆ ಖರ್ಚು ನಾನೇ ಕೊಡುತ್ತೇನೆಂದು ನೀವು ಹೇಳಿದರೂ ಡೀಲರ್ ಮುಚ್ಚಳ ತೆಗೆಸಲು ಒಪ್ಪದಿದ್ದರೆ ವ್ಯವಹಾರ ಅಲ್ಲಿಗೇ ಬಿಡಿ.

ಕೇಸು, ಯಂತ್ರ ಅಸಲಿಯಾಗಿದ್ದು ಡಯಲ್, ಬೆಜೆಲ್ (ಗಾಜಿನ ಸುತ್ತಲಿನ ಹೊರ ಉಂಗುರ), ಪಟ್ಟಿ ನಕಲಿಯಾಗಿರುವುದೂ ಉಂಟು. ಪ್ರತಿ ಭಾಗಕ್ಕೂ 'ಮೂಲ ಭಾಗ' ಎಂದು ಬಿಲ್ಲಿನಲ್ಲಿ ಬರೆಸಿ.

ಬಿಲ್ಲಿಲ್ಲದೆ ಕೊಳ್ಳಲೇಬೇಡಿ. 1962ರ ಕಸ್ಟಮ್ಸ್ ಕಾಯ್ದೆಯ 123ನೇ ಕಲಮು ಚಿನ್ನದ ಜೊತೆ ವಾಚುಗಳನ್ನೂ ಹೆಸರಿಸುತ್ತದೆ: ಕಳ್ಳಸಾಗಣೆಯದ್ದೆಂದು ಜಪ್ತಿಯಾದರೆ, ಅಲ್ಲವೆಂದು ಸಾಬೀತು ಮಾಡುವ ಹೊಣೆ ಇಟ್ಟುಕೊಂಡವರದ್ದು. 2 ಲಕ್ಷ ಅಥವಾ ಹೆಚ್ಚು ನಗದು ಪಡೆಯಲು ಮಾರುವವರಿಗೆ ಕಾನೂನಿನಲ್ಲಿ ಅವಕಾಶವಿಲ್ಲ. ಹಣ ಬ್ಯಾಂಕ್ ಮೂಲಕವೇ ಹೋಗಲಿ.

ಪ್ರಶ್ನೆ: ಇಂಥ ಖಾಸಗಿ ಡೀಲರ್ ಬಳಿ ಹೊಚ್ಚಹೊಸ ರೋಲೆಕ್ಸ್ ಕೊಂಡರೆ ಕಂಪನಿ ವಾರಂಟಿ ಇರುತ್ತದೆಯೇ?
– ಓದುಗರು, ಮೈಸೂರು

ಉತ್ತರ: ಕಂಪನಿಯ 5 ವರ್ಷದ ವಾರಂಟಿ ಲೆಕ್ಕವಾಗುವುದು ಅಧಿಕೃತ ಮಳಿಗೆ ಕಾರ್ಡಿನಲ್ಲಿ ನಮೂದಿಸಿದ ದಿನದಿಂದ, ನೀವು ಕೊಂಡ ದಿನದಿಂದಲ್ಲ. ಒಂದು ವರ್ಷ ಡೀಲರ್ ಲಾಕರಿನಲ್ಲಿದ್ದರೆ ನಿಮಗುಳಿಯುವುದು ನಾಲ್ಕೇ. ಡೀಲರ್ ತಾನೇ ಕೊಡುವ ವಾರಂಟಿಗೂ ಕಂಪನಿಗೂ ಸಂಬಂಧವಿಲ್ಲ.