ಕುಮಟಾ ಕಡೆಯ ನಮ್ಮ ಶಾಲೆಯಲ್ಲಿ ಪಾಲಕರಿಗೂ ಶಿಕ್ಷಕಿಗೂ ಜಗಳವಾಗಿದೆ. ಮುಖ್ಯ ಶಿಕ್ಷಕ ಯಾರ ಪರ ನಿಲ್ಲಬೇಕು?

ಯಾರ ಪರವೂ ಬೇಡ. ಯಾರ ಪರ ಅಂತ ನೋಡಹೋಗಿಯೇ ನನ್ನ ಶಾಲೆ ಎರಡು ಹೋಳಾಯಿತು.

ಕಾರವಾರ ತಾಲೂಕು, ಕಡಲ ಪಕ್ಕದ ಶಾಲೆ. ಆಗಸ್ಟ್ ತಿಂಗಳು. ಐದನೇ ತರಗತಿಯ ಹುಡುಗಿ ದಿನಾ ತಡವಾಗಿ ಬಂದು ಕೂತಲ್ಲೇ ತೂಕಡಿಸುತ್ತಿದ್ದಳು. ಅಕ್ಕೋರು (ತರಗತಿಯ ಶಿಕ್ಷಕಿ) ಒಂದು ದಿನ ಎಲ್ಲರೆದುರು "ಮನೆಗೇ ಹೋಗಿ ಮಲಗು" ಅಂದುಬಿಟ್ಟರು. ಮರುದಿನ ಅಪ್ಪ ಬಂದು ಕೊಂಕಣಿಯಲ್ಲಿ ಕೂಗಾಡಿದ. ಅಕ್ಕೋರು ಬಯಲುಸೀಮೆಯವರು. ಅವರಿಗೆ ತಿಳಿದದ್ದು ದನಿ ಮಾತ್ರ.

ನಾನು ಇಬ್ಬರಿಂದಲೂ ಬರೆಸಿಕೊಂಡೆ. ಅವನಿಂದ ದೂರು, ಇವರಿಂದ ಲಿಖಿತ ವಿವರಣೆ. ಕೆಟ್ಟದ್ದು ಅಲ್ಲೇ. ಬಾಯಲ್ಲಿ ಆಡಿದ್ದನ್ನು "ಸಿಟ್ಟಲ್ಲಿ ಅಂದೆ ಮಾರಾಯ್ರೆ" ಅಂತ ವಾಪಸ್ ತಗೋಬಹುದು. ಸಹಿ ಹಾಕಿದ್ದನ್ನು ತಗೊಳ್ಳೋಕಾಗಲ್ಲ. ಅಪ್ಪನಿಗೆ ಬರೆಯೋಕೆ ಬಾರದು, ಶಾಲೆಯ ಮೇಲುಸ್ತುವಾರಿ ಸಮಿತಿಯಾದ ಎಸ್‌ಡಿಎಂಸಿಯ ಒಬ್ಬರು ಬರೆದುಕೊಟ್ಟರು. ಅಕ್ಕೋರ ಮಾತು ಕಾಗದದಲ್ಲಿ "ಶಾಲೆಯಿಂದ ಹೊರಹಾಕಿದರು" ಅಂತಾಯಿತು. ಅದನ್ನೋದಿದ ಅಕ್ಕೋರು "ಪಾಲಕರ ಬೇಜವಾಬ್ದಾರಿ" ಅಂತ ಪುಟಗಟ್ಟಲೆ ಬರೆದರು. ಸಭೆಯಲ್ಲಿ ಹುಡುಗಿಯ ಸುದ್ದಿಯೇ ಬರಲಿಲ್ಲ, ಬರೀ ಆ ಕಾಗದಗಳ ಜಗಳ. ಎಸ್‌ಡಿಎಂಸಿಯಲ್ಲಿ ಪಾಲಕರೇ ಜಾಸ್ತಿ, ಅಧ್ಯಕ್ಷರೂ ಪಾಲಕರೇ ಅಲ್ವಾ? ಅಕ್ಕೋರು ಒಬ್ಬಂಟಿಯಾದರು. ವರ್ಗಾವಣೆ ತೆರೆದದ್ದೇ ತಡ, ಹೊರಟುಹೋದರು. ಅಂಥ ಗಣಿತ ಶಿಕ್ಷಕಿ ಮತ್ತೆ ಸಿಗಲಿಲ್ಲ.

ಆ ಹುಡುಗಿಗೆ ನಿದ್ದೆ ಯಾಕೆ ಸಾಲುತ್ತಿಲ್ಲ ಅಂತ ನಾವ್ಯಾರೂ ಕೇಳಿರಲಿಲ್ಲ. ಬಿಸಿಯೂಟದ ಅಡುಗೆಯವರಿಗೆ ಗೊತ್ತಿತ್ತು! ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಆಗಸ್ಟ್ ಬಂದರೆ ಅಪ್ಪ ಬೋಟಿಗೆ, ಅಮ್ಮ ನಸುಕಿಗೇ ಬೈತಕೋಲ್ ಬಂದರಿಗೆ. ಮನೆಯಲ್ಲಿ ಕೂಸು ನೋಡುವವಳು ಇವಳೇ. ಜೂನ್, ಜುಲೈನಲ್ಲಿ ಅವಳು ಹೊತ್ತಿಗೆ ಸರಿಯಾಗಿ ಬರುತ್ತಿದ್ದಳು. ಅಕ್ಕೋರದ್ದೂ ಕಷ್ಟವಿತ್ತು. ಎರಡು ತರಗತಿ ಕೂಡಿಸಿ ಪಾಠ, ಭಾಷೆ ಬಾರದ ಊರು.

ನಿಮ್ಮದು ಕುಮಟಾ ಕಡೆಯ ಶಾಲೆ ಅಂದಿದ್ದೀರಿ. ಇಬ್ಬರನ್ನೂ ಎದುರುಬದುರು ಕೂರಿಸಿ ರಾಜಿ ಮಾಡಿಸುವ ಯೋಚನೆ ಸದ್ಯ ಬಿಡಿ. ಬೇರೆ ಬೇರೆಯಾಗಿ ಮಾತಾಡಿ. "ಯಾಕೆ ಹಾಗಂದ್ರಿ" ಅಂದರೆ ನೋಟಿಸು ಕೊಟ್ಟ ಹಾಗೆ. "ಆ ದಿನ ಬೆಳಿಗ್ಗೆಯಿಂದ ಏನಾಯ್ತು" ಅಂತ ಕೇಳಿ, ಆಮೇಲೆ ಸುಮ್ನೆ ಕೂತಿರಿ. ಹೊಡೆತ ಬಿದ್ದಿದ್ದರೆ ಇಲ್ಲವೇ ಮಗುವಿಗೆ ಕಿರುಕುಳವಾಗಿದ್ದರೆ ಮಾತ್ರ ಲೆಕ್ಕ ಬೇರೆ. 2009ರ ಶಿಕ್ಷಣ ಹಕ್ಕು ಕಾಯ್ದೆ ದೈಹಿಕ ಶಿಕ್ಷೆ, ಮಾನಸಿಕ ಕಿರುಕುಳ ಎರಡನ್ನೂ ನಿಷೇಧಿಸಿದೆ. ಅಲ್ಲಿ ಕಾಗದ ಬೇಕೇ ಬೇಕು.

ಪಾಲಕರನ್ನು ಶಾಲೆಗೆ ಕರೆಸಬೇಡಿ, ನೀವೇ ಮನೆಗೆ ಹೋಗಿ. ಸಂಜೆ ಹೋಗಿ. ಸೀಸನ್ನಿನಲ್ಲಿ ಬೆಳಿಗ್ಗೆ ಯಾರೂ ಸಿಗೋಲ್ಲ.