ಹಳೇ ಪ್ಲೇಟಿಂಗ್ ಕಾರ್ಖಾನೆ ಜಾಗದಲ್ಲಿ ಅಪಾರ್ಟ್‌ಮೆಂಟ್: ಒಂದು ಮೀಟರ್ ಮಣ್ಣು ತೆಗೆದರೆ ಸಾಕಾ?

ಮುಚ್ಚಿಹೋದ ಎಲೆಕ್ಟ್ರೋಪ್ಲೇಟಿಂಗ್ (ಲೋಹದ ಸಾಮಾನಿಗೆ ಕ್ರೋಮ್, ನಿಕಲ್ ಲೇಪ ಹಾಕುವ) ಕಾರ್ಖಾನೆಯ ಜಾಗದಲ್ಲಿ ಅಪಾರ್ಟ್‌ಮೆಂಟ್ ಕಟ್ಟುತ್ತಿದ್ದಾರೆ, ಮೇಲಿನ ಒಂದು ಮೀಟರ್ ಮಣ್ಣು ತೆಗೆದು ಹೊಸ ಮಣ್ಣು ತುಂಬುತ್ತೇವೆ ಅಂತ ಬಿಲ್ಡರ್ ಹೇಳುತ್ತಿದ್ದಾರೆ, ಗ್ರೌಂಡ್ ಫ್ಲೋರ್ ಮನೆ ತಗೋಬಹುದಾ, ಅಂಗಳದಲ್ಲಿ ತರಕಾರಿ ಬೆಳೀಬಹುದಾ ಅಂತ ಕೇಳಿದ್ದೀರಿ. ಇಂಥ ಜಾಗಗಳಲ್ಲಿ ಬೋರ್ ಕೊರೆದು ಮಣ್ಣು, ನೀರಿನ ಸ್ಯಾಂಪಲ್ ತೆಗೆಯುವುದೇ ನನ್ನ ಕೆಲಸ. ತಗೋಬಹುದು, ತಗೋಬಾರದು ಅನ್ನುವ ಮೊದಲು ಬಿಲ್ಡರ್‌ಗೆ ಒಂದು ಮಾತು ಕೇಳಿ: ಈ ಒಂದು ಮೀಟರ್ ಲೆಕ್ಕ ಎಲ್ಲಿಂದ ಬಂತು?

ಪ್ಲೇಟಿಂಗ್ ಶೆಡ್‌ನಲ್ಲಿ ಆಸಿಡ್ ಬಿದ್ದೂ ಬಿದ್ದೂ ನೆಲದ ಕಾಂಕ್ರೀಟ್ ಸವೆದಿರುತ್ತದೆ. ಟ್ಯಾಂಕ್‌ಗಳ ಅಡಿ, ಚರಂಡಿ ಜಾಯಿಂಟ್‌ಗಳ ಕೆಳಗೆ, ಗಲೀಜು ನೀರು ಬಿಡುತ್ತಿದ್ದ ಗುಂಡಿಯ ಸುತ್ತ ಕ್ರೋಮಿಯಂ, ನಿಕಲ್, ಸಯನೈಡ್ ಇಳಿದಿರುತ್ತವೆ. ಹತ್ತು ಹೆಜ್ಜೆ ಆಚೆ ಮಣ್ಣು ಚೆನ್ನಾಗೇ ಇರಬಹುದು. ಹಾಗಾಗಿ ಒಂದು ಕಡೆ ಆ ಮೀಟರ್ ಅಗೆತವೇ ದಂಡ, ಇನ್ನೊಂದು ಕಡೆ ಐದು ಮೀಟರ್ ಅಗೆದರೂ ಸಾಲದು. ಎಲ್ಲ ಕಡೆ ಒಂದೇ ಆಳ ಅಂದರೆ ಅಲ್ಲಿ ಯಾರೂ ಸರಿಯಾಗಿ ಹುಡುಕಿಲ್ಲ ಅಂತಲೇ ನನ್ನ ಅನುಮಾನ.

ರಿಪೋರ್ಟ್‌ನಲ್ಲಿ ಬರೀ 'ಒಟ್ಟು ಕ್ರೋಮಿಯಂ' ಅಂತಿದ್ದರೆ ಒಪ್ಪಬೇಡಿ. ಕ್ರೋಮಿಯಂ ಮುಖ್ಯವಾಗಿ ಎರಡು ರೂಪದಲ್ಲಿರುತ್ತದೆ, ಅದರಲ್ಲಿ ಹೆಕ್ಸಾವೇಲೆಂಟ್ ರೂಪ ಎಷ್ಟು ಅನ್ನೋದು ಬೇರೆಯಾಗಿ ಬೇಕು. ಅದು ನೀರಲ್ಲಿ ಕರಗಿ ದೂರ ಹೋಗುತ್ತದೆ, ಕ್ಯಾನ್ಸರ್ ತರುವಂಥದ್ದು. ಇನ್ನೊಂದು ರೂಪ ಟ್ರೈವೇಲೆಂಟ್, ಅದಾದರೆ ಸಾಮಾನ್ಯವಾಗಿ ಮಣ್ಣಿಗೆ ಅಂಟಿಕೊಂಡೇ ಇರುತ್ತದೆ. ಅದಕ್ಕೇ ಕೆಲವು ಕಡೆ ಅಗೆಯದೇ ಫೆರಸ್ ಸಲ್ಫೇಟ್‌ನಂಥದ್ದನ್ನು ನೆಲಕ್ಕೆ ಸೇರಿಸಿ ಮೊದಲನೆಯದನ್ನು ಎರಡನೆಯದಕ್ಕೆ ಬದಲಿಸುತ್ತಾರೆ.

ನನಗೆ ಜಾಸ್ತಿ ಭಯ ಮಾತ್ರ ಬೇರೆ ಒಂದರದ್ದು. ಪ್ಲೇಟಿಂಗ್‌ಗೆ ಮುಂಚೆ ಲೋಹದ ಮೇಲಿನ ಗ್ರೀಸ್ ತೆಗೆಯಬೇಕು. ಅದಕ್ಕೆ ಎಷ್ಟೋ ಕಾರ್ಖಾನೆಗಳು ಟ್ರೈಕ್ಲೋರೋಎಥಿಲೀನ್ ಅನ್ನೋ ದ್ರವ ಬಳಸುತ್ತಿದ್ದವು. ಅದು ನೀರಿಗಿಂತ ಭಾರ. ಅಂತರ್ಜಲ ಸಿಕ್ಕಿತು ಅಂತ ಅಲ್ಲೇ ನಿಲ್ಲುವುದಿಲ್ಲ, ಜೇಡಿಮಣ್ಣೋ ಬಂಡೆಯೋ ಅಡ್ಡ ಬರುವವರೆಗೂ ಇಳಿಯುತ್ತದೆ. ಅಲ್ಲಿಂದ ಆವಿಯಾಗಿ ಮೇಲೆ ಬಂದು, ನೆಲದ ಬಿರುಕು, ಪೈಪ್ ಸಂದುಗಳ ಮೂಲಕ ಗ್ರೌಂಡ್ ಫ್ಲೋರ್ ಕೋಣೆಗಳಿಗೆ ನುಗ್ಗುತ್ತದೆ. ನೀವು ಕೇಳುತ್ತಿರುವುದು ಗ್ರೌಂಡ್ ಫ್ಲೋರೇ ಅಲ್ವಾ? ಮೇಲೆ ತುಂಬಿದ ಹೊಸ ಮಣ್ಣು ಈ ಆವಿಯನ್ನು ತಡೆಯುವುದಿಲ್ಲ. ಮಣ್ಣಿನೊಳಗಿನ ಗಾಳಿಯನ್ನು ಟೆಸ್ಟ್ ಮಾಡಿಸಬೇಕು. ಅದರಲ್ಲಿ ಸಿಕ್ಕಿದರೆ ಬಾವಿ ಕೊರೆದು ಪಂಪ್ ಹಾಕಿ ಆವಿ ಎಳೆಯಬಹುದು, ಜೊತೆಗೆ ಕಟ್ಟಡದ ಸ್ಲ್ಯಾಬ್ ಕೆಳಗೆ ಆವಿ ನುಸುಳದ ಹಾಳೆ ಹಾಸಿ, ಅದರಡಿ ಸೇರುವ ಆವಿಯನ್ನು ಪೈಪ್ ಮೂಲಕ ಟೆರೇಸ್‌ಗಿಂತ ಮೇಲಕ್ಕೆ ಬಿಡಬಹುದು. ಕಟ್ಟುವಾಗ ಇದು ಸುಲಭ. ಜನ ವಾಸಕ್ಕೆ ಬಂದ ಮೇಲೆ ಕಷ್ಟ.

ಸ್ಯಾಂಪಲ್ ತೆಗೆದ ರೀತಿಯನ್ನೂ ಕೇಳಿ. ಇಂಥ ಆವಿಯಾಗುವ ವಸ್ತುಗಳಿಗೆ ನೀರನ್ನು ಪುಟ್ಟ ಗಾಜಿನ ಸೀಸೆಗೆ ಬಾಯಿ ಮಟ್ಟ ತುಂಬಿ ಮುಚ್ಚುತ್ತೇವೆ. ತಲೆಕೆಳಗೆ ಮಾಡಿ ಬೆರಳಲ್ಲಿ ತಟ್ಟುತ್ತೇವೆ. ಗುಳ್ಳೆ ಕಂಡರೆ ಆ ಸ್ಯಾಂಪಲ್ ಬಿಟ್ಟು ಬೇರೆ ತೆಗೆಯುತ್ತೇವೆ. ಆಮೇಲೆ ಐಸ್ ಬಾಕ್ಸ್. ಬಕೆಟ್ಟಲ್ಲಿ ಮೊಗೆದು, ಅರ್ಧ ತುಂಬಿದ ಪ್ಲಾಸ್ಟಿಕ್ ಬಾಟಲಿಯನ್ನು ಬಿಸಿಲಲ್ಲಿಟ್ಟು ತಂದರೆ ಅವು ದಾರಿಯಲ್ಲೇ ಆವಿಯಾಗಿ ಹಾರಿಹೋಗಿರುತ್ತವೆ. ಆಗ 'ಏನೂ ಸಿಗಲಿಲ್ಲ' ಅಂತ ಲ್ಯಾಬ್ ಕೊಡುವ ರಿಪೋರ್ಟ್ ಸುಳ್ಳಲ್ಲ, ಆದರೆ ಉಪಯೋಗವೂ ಇಲ್ಲ. ಹತ್ತು ಕಡೆಯ ಮಣ್ಣು ಕಲಸಿ ಒಂದೇ ಸ್ಯಾಂಪಲ್ ಮಾಡುವುದೂ ಇದೇ ಕಥೆ. ಒಂದು ಕಡೆಯ ವಿಷ ಒಂಬತ್ತು ಕಡೆಯ ಒಳ್ಳೆ ಮಣ್ಣಲ್ಲಿ ತೆಳುವಾಗಿ ಪಾಸ್ ಆಗಿಬಿಡುತ್ತದೆ.

ಹಾಗಂತ ಇಂಥ ಜಾಗವೇ ಬೇಡ ಅನ್ನುವವನಲ್ಲ ನಾನು. 2012ರ ಲಂಡನ್ ಒಲಿಂಪಿಕ್ಸ್ ಪಾರ್ಕ್ ಎದ್ದಿದ್ದೇ ಹಳೇ ಕೈಗಾರಿಕೆಗಳ ನೆಲದ ಮೇಲೆ. ಸುಮಾರು 20 ಲಕ್ಷ ಟನ್ ಮಣ್ಣು ಅಗೆದು, ಬಹುಪಾಲನ್ನು ಅಲ್ಲೇ ಮತ್ತೆ ಬಳಸಿದರು. ಅಲ್ಲಿ ಮಣ್ಣು ತೊಳೆಯುವ ಯಂತ್ರಗಳೂ ಇದ್ದವು. ವಿಷ ಹೆಚ್ಚಾಗಿ ಹಿಡಿದುಕೊಳ್ಳುವುದು ನುಣ್ಣನೆ ಕಣಗಳನ್ನು. ಆ ಕಣಗಳನ್ನು ಬೇರ್ಪಡಿಸಿದರೆ ಮರಳು, ಜಲ್ಲಿ ಮತ್ತೆ ಕೆಲಸಕ್ಕೆ ಬರುತ್ತವೆ.

ಇನ್ನು ಬರೀ ಮುಚ್ಚಿಬಿಟ್ಟರೆ ಏನಾಗಬಹುದು ಅನ್ನೋದಕ್ಕೆ ಅಮೆರಿಕದ ಲವ್ ಕೆನಾಲ್ ಅನ್ನೋ ಬಡಾವಣೆಯ ಉದಾಹರಣೆ ಇದೆ. ಸುಮಾರು 20,000 ಟನ್ ರಾಸಾಯನಿಕ ತ್ಯಾಜ್ಯ ಹೂತು, ಮೇಲೆ ಜೇಡಿಮಣ್ಣು ಮುಚ್ಚಿದ ಜಾಗವನ್ನು 1953ರಲ್ಲಿ ಒಂದು ಡಾಲರ್‌ಗೆ ಶಾಲಾ ಮಂಡಳಿಗೆ ಮಾರಿದರು. ಶಾಲೆ ಬಂತು, ಸುತ್ತ ಮನೆ ಬಂದವು, ಚರಂಡಿ, ರಸ್ತೆ ಅಂತ ಅಗೆದಾಗ ಆ ಜೇಡಿಮಣ್ಣಿನ ತಡೆ ಒಡೆಯಿತು. 1978ರಲ್ಲಿ ಜನರನ್ನು ಅಲ್ಲಿಂದ ಎಬ್ಬಿಸಬೇಕಾಯಿತು. ಅಂದರೆ ಹೊದಿಕೆ ಹಾಕುವುದು ತಪ್ಪಲ್ಲ. ಕೆಳಗೇನಿದೆ ಅನ್ನೋದು ಮನೆ ಪತ್ರದಲ್ಲಿ ಬರೆದಿರಬೇಕು, ಎಲ್ಲಿ ಅಗೆಯಬಾರದು ಅನ್ನೋದೂ ಇರಬೇಕು.

ಬಿಲ್ಡರ್ ಹತ್ತಿರ ಮೂರು ಕಾಗದ ಕೇಳಿ. ಟ್ಯಾಂಕ್, ಚರಂಡಿ ಎಲ್ಲಿದ್ದವು ಅಂತ ತೋರಿಸುವ ಹಳೇ ಪ್ಲಾನ್. ಅಗೆದಾದ ಮೇಲೆ ಗುಂಡಿಯ ತಳ ಮತ್ತು ಪಕ್ಕಗಳಿಂದ ತೆಗೆದ ಮಣ್ಣಿನ ಟೆಸ್ಟ್ ರಿಪೋರ್ಟ್. ಮಳೆಗಾಲ, ಬೇಸಿಗೆ ಎರಡರಲ್ಲೂ ತೆಗೆದ ಅಂತರ್ಜಲದ ಫಲಿತಾಂಶ. ಅಗೆದ ಮಣ್ಣು ಎಲ್ಲಿಗೆ ಹೋಯಿತು ಅಂತಲೂ ಸುಮ್ನೆ ಕೇಳಿ ನೋಡಿ. ಉತ್ತರ ಕೊಡುವಾಗ ತಡವರಿಸಿದರೆ ನಾನಂತೂ ಅಡ್ವಾನ್ಸ್ ಕೊಡುವುದಿಲ್ಲ.

ತರಕಾರಿ ವಿಷಯ: ನೇರ ನೆಲದಲ್ಲಿ ಬೇಡ. ತಳಕ್ಕೆ ಹಾಳೆ ಹಾಸಿ, ಎತ್ತರದ ಕಟ್ಟೆ ಕಟ್ಟಿ, ಟೆಸ್ಟ್ ಆದ ಮಣ್ಣು ತುಂಬಿ ಬೆಳೆಯಿರಿ. ಆ ಜಾಗದ ಬೋರ್‌ವೆಲ್ ನೀರು ಮಾತ್ರ ಗಿಡಕ್ಕೂ ಹಾಕಬೇಡಿ.