ಮಗುವಿಗೆ ಎಗ್ಜಿಮಾ ಉಂಟು, ಟಿ-ರೆಗ್ ಕಡಿಮೆ ಆದ್ರೆ ಹೀಗಾಗುವುದಾ?

ಅಷ್ಟು ಸಿಂಪಲ್ ಅಲ್ಲ ಮಾರಾಯ್ರೆ. ಟಿ-ರೆಗ್ ಅಂದ್ರೆ ಇಮ್ಯೂನಿಟಿಗೆ ಬ್ರೇಕ್ ಹಾಕುವ ಬಿಳಿ ರಕ್ತಕಣ, ಧೂಳಿಗೋ ಮೊಟ್ಟೆಗೋ ಬೇರೆ ಟಿ ಕಣಗಳು ಸುಮ್ಮನೆ ರೇಗಿದ್ರೆ ಇವು ಐಎಲ್-10 ತರದ ಪ್ರೋಟೀನ್ ಬಿಟ್ಟು ಸುಮ್ಮನಾಗಿಸ್ತವೆ (2025ರ ವೈದ್ಯಕೀಯ ನೊಬೆಲ್ ಇವನ್ನು ಹುಡುಕಿದವರಿಗೇ). ಫಾಕ್ಸ್‌ಪಿ3 ಜೀನ್ (ಟಿ-ರೆಗ್ ತಯಾರಾಗ್ಲಿಕ್ಕೆ ಬೇಕಾದದ್ದು) ಕೆಟ್ಟು ಹುಟ್ಟಿದ ಮಕ್ಕಳಲ್ಲಿ ಈ ಬ್ರೇಕೇ ಕೆಲಸ ಮಾಡುವುದಿಲ್ಲ, ಮೈಯೆಲ್ಲ ಎಗ್ಜಿಮಾ, ರಕ್ತದಲ್ಲಿ ಐಜಿಇ (ಅಲರ್ಜಿಗೆ ಸಂಬಂಧಪಟ್ಟ ಪ್ರತಿಕಾಯ) ಏರಿರ್ತದೆ, ಜೊತೆಗೆ ಭೇದಿ, ಶುಗರ್, ಆದ್ರೆ ಅದು ತುಂಬಾ ಅಪರೂಪ. ನಮ್ಮ ಉಡುಪಿ ಸೆಕೆಗೆ ಬೆವರಿ ಮೊಣಕೈ ಮಡಿಕೆಯಲ್ಲಿ ತುರಿಸಿ ತುರಿಸಿ ಕೆಂಪಾಗುವ ಮಾಮೂಲಿ ಎಗ್ಜಿಮಾದಲ್ಲಿ ಟಿ-ರೆಗ್ ಎಷ್ಟೋ ಜನರಿಗೆ ಕಡಿಮೆ ಇರುವುದೇ ಇಲ್ಲ, ಕೆಲವರಿಗೆ ಜಾಸ್ತಿಯೇ ಉಂಟು, ಸರಿ ಕೆಲಸ ಮಾಡ್ತದಾ ಅನ್ನುವುದೇ ಪ್ರಶ್ನೆ. ಟಿ-ರೆಗ್ ಹೆಚ್ಚಿಸುವ ಪುಡಿಗಿಡಿಗೆ ದುಡ್ಡು ಹಾಕ್ಬೇಡಿ, ಸ್ನಾನ ಆದ ಕೂಡ್ಲೆ ಮಾಯಿಶ್ಚರೈಸರ್ ಹಚ್ಚಿ, ಸ್ಕಿನ್ ಡಾಕ್ಟ್ರಿಗೆ ತೋರಿಸಿ.